ಚೀಲದಿಂದ ಹೊರಬಂದ ಮರಿ ಎಲ್ಲಿಗೆ? ಗ್ಲೈಡರ್, ಒಪೊಸಮ್, ವಾಲಬಿ, ಬೆಟಾಂಗ್: ಸಾಕುವ ಮುಂಚೆ ಒಂದು ಹೋಲಿಕೆ

ಹೊಟ್ಟೆಚೀಲದ ಪ್ರಾಣಿ ಸಾಕಬೇಕು ಅಂತ ಆಸೆಪಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವುದು ಸುಲಭವಾಗಿ ಮರಿ ಹಾಕುತ್ತದೆ? ನಾನೂ ಅದನ್ನೇ ಕೇಳಿದ್ದೆ. ಈಗ ಆ ಪ್ರಶ್ನೆ ನೆನೆದರೆ ನಗು ಬರುತ್ತದೆ. ಇಲ್ಲಿ ಹೇಳುವ ನಾಲ್ಕೂ ಪ್ರಾಣಿಗಳು (ಮರದಿಂದ ಮರಕ್ಕೆ ತೇಲುವ ಶುಗರ್ ಗ್ಲೈಡರ್, ಇಲಿಯಂತೆ ಕಾಣುವ ಗಿಡ್ಡ ಬಾಲದ ಒಪೊಸಮ್, ಚಿಕ್ಕ ಕಾಂಗರೂವಿನಂಥ ಬೆನೆಟ್ಸ್ ವಾಲಬಿ, ಅದಕ್ಕಿಂತಲೂ ಪುಟ್ಟದಾದ ಬೆಟಾಂಗ್) ಹೊಟ್ಟೆ ತುಂಬಾ ಸರಿಯಾದ ಊಟ, ಬೆಚ್ಚಗಿನ ಗೂಡು, ಒಪ್ಪುವ ಜೋಡಿ ಸಿಕ್ಕರೆ ತಾವಾಗಿಯೇ ಮರಿ ಹಾಕುತ್ತವೆ. ತಲೆನೋವು ಶುರುವಾಗುವುದು ಆಮೇಲೆ. ಆ ಮರಿ ಎಲ್ಲಿರಬೇಕು, ಯಾರ ಜೊತೆ, ಎಷ್ಟು ವರ್ಷ? ಆದ್ದರಿಂದ ಈ ಹೋಲಿಕೆಯನ್ನು ನಾನು ಆ ಕಡೆಯಿಂದಲೇ ಮಾಡುತ್ತೇನೆ.

ಮೊದಲು ಎಲ್ಲಕ್ಕೂ ಅನ್ವಯಿಸುವ ಒಂದು ವಿಷಯ. ಇವುಗಳ ಬಸಿರು ತೀರಾ ಚಿಕ್ಕದು. ಗಿಡ್ಡ ಬಾಲದ ಒಪೊಸಮ್‌ಗೆ 14 ದಿನ, ಶುಗರ್ ಗ್ಲೈಡರ್‌ಗೆ 16, ಬೆಟಾಂಗ್‌ಗೆ 21, ಬೆನೆಟ್ಸ್ ವಾಲಬಿಗೆ ಸುಮಾರು 30. ಹುಟ್ಟುವ ಮರಿ ಅಕ್ಕಿಕಾಳಿನಷ್ಟಿರುತ್ತದೆ, ಕಣ್ಣಿಲ್ಲ, ಕೂದಲಿಲ್ಲ. ಮುಂಗಾಲು ಮಾತ್ರ ಗಟ್ಟಿ. ಅದರಲ್ಲೇ ತೆವಳಿಕೊಂಡು ಹೋಗಿ ಮೊಲೆತೊಟ್ಟು ಕಚ್ಚುತ್ತದೆ. ತೊಟ್ಟು ಅದರ ಬಾಯೊಳಗೆ ಉಬ್ಬಿಕೊಂಡು ವಾರಗಟ್ಟಲೆ ಬಿಡುವುದೇ ಇಲ್ಲ. ಹೊಸಬರು ಕುತೂಹಲಕ್ಕೆ ಚೀಲ ಅಗಲಿಸಿ ಮರಿಯನ್ನು ಎಳೆದು ನೋಡುತ್ತಾರೆ. ಬಾಯಿ ಹರಿದು ಮರಿ ಹೋಗುತ್ತದೆ. ದಯವಿಟ್ಟು ಬೇಡ.

ಹುಟ್ಟಿದ ದಿನ ಯಾವುದು ಅಂತ ನಮಗೆ ಗೊತ್ತಾಗುವುದು ಅಪರೂಪ. ಅದಕ್ಕೇ ಗ್ಲೈಡರ್ ಸಾಕುವವರು ಮರಿಯ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸುವುದಿಲ್ಲ, ಚೀಲದಿಂದ ಹೊರಬಂದ ದಿನದಿಂದ ಎಣಿಸುತ್ತಾರೆ. ಮಾರುವವರು "ಎಂಟು ವಾರದ ಮರಿ" ಅಂದರೆ ಯಾವ ಲೆಕ್ಕ ಅಂತ ಕೇಳಿಕೊಳ್ಳಿ. ಎರಡು ಲೆಕ್ಕಕ್ಕೂ ನಡುವೆ ಎರಡು ತಿಂಗಳಿಗಿಂತ ಜಾಸ್ತಿ ಅಂತರ ಇದೆ.

ಶುಗರ್ ಗ್ಲೈಡರ್: ಜೊತೆ ಬೇಕು, ಹತ್ತು ವರ್ಷ ಬೇಕು

ಎಲ್ಲರೂ ಮೊದಲು ಕಣ್ಣು ಹಾಕುವುದು ಇದರ ಮೇಲೆ. ತೂಕ 100 ಗ್ರಾಂ ಆಸುಪಾಸು. ಮುಂಗಾಲಿಂದ ಹಿಂಗಾಲಿನವರೆಗೆ ಚರ್ಮದ ಪದರ, ದೊಡ್ಡ ಕಣ್ಣು. ಗಂಡಿನ ನೆತ್ತಿಯ ಮೇಲೆ ಬೋಳು ಚುಕ್ಕೆ ಇರುತ್ತದೆ. ರೋಗವಲ್ಲ, ವಾಸನೆಯ ಗ್ರಂಥಿ. ನನಗೆ ಮೊದಲ ಸಲ ಗಾಬರಿಯಾಗಿ ಮುಲಾಮು ಹುಡುಕಿದ್ದೆ!

ಇದು ಗುಂಪಿನ ಪ್ರಾಣಿ. ಒಂಟಿಯಾಗಿಟ್ಟರೆ ಕೊರಗುತ್ತದೆ, ಕೆಲವು ತಮ್ಮ ಬಾಲವನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತವೆ. ನೀವು ಎಷ್ಟೇ ಮುದ್ದು ಮಾಡಿ, ಹಗಲಿಡೀ ಅದರ ಮೈಗೆ ಮೈ ತಾಗಿಸಿ ಮಲಗಲು ನಿಮ್ಮಿಂದ ಆಗುವುದಿಲ್ಲ ಅಲ್ವಾ? ಹಾಗಾಗಿ ಕನಿಷ್ಠ ಎರಡು. ಎರಡು ಅಂದ ಕೂಡಲೇ ಗಂಡು ಹೆಣ್ಣು ತರುತ್ತಾರೆ. ಅಲ್ಲಿಂದ ಲೆಕ್ಕ ಹಾಕಿ. ಸಲಕ್ಕೆ ಒಂದೋ ಎರಡೋ ಮರಿ, ವರ್ಷಕ್ಕೆ ಎರಡು ಮೂರು ಸಲ. ಮರಿ ಚೀಲದಲ್ಲಿ 70 ದಿನದ ಹತ್ತಿರ ಇರುತ್ತದೆ. ಹೊರಬಂದ ಮೇಲೆ ಇನ್ನೊಂದೂವರೆ ತಿಂಗಳು ಗೂಡಿನಲ್ಲಿ ಹಾಲು ಕುಡಿಯುತ್ತದೆ. ಹೊರಬಂದ ಒಂದು ವರ್ಷದ ಒಳಗೇ ಹೆಣ್ಣುಮರಿ ತಾನೇ ತಾಯಿಯಾಗಬಹುದು. ಅಪ್ಪನ ಜೊತೆಯೇ ಅದನ್ನು ಬಿಟ್ಟರೆ ಮುಂದೇನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದೊಂದೂ ಹತ್ತು ಹನ್ನೆರಡು ವರ್ಷ ಬದುಕುತ್ತದೆ.

ಹೆಣ್ಣಿನ ಚೀಲದಲ್ಲಿ ಮರಿ ಇದೆಯೋ ಇಲ್ಲವೋ ತಿಳಿಯಲು ಅದನ್ನು ಹಿಡಿದು ಹಿಂಸೆ ಮಾಡಬೇಕಾಗಿಲ್ಲ. ರಾತ್ರಿ ಊಟದ ಬಟ್ಟಲಿಗೆ ಬಂದಾಗ ಕೆಳಗಿನಿಂದ ನೋಡಿ. ಮೊದಮೊದಲು ಏನೂ ಕಾಣುವುದಿಲ್ಲ. ಕೆಲವು ವಾರ ಕಳೆದ ಮೇಲೆ ಹೊಟ್ಟೆಯ ನಡುವೆ ಕಡಲೆಕಾಯಿಯಂಥ ಉಬ್ಬು. ಅವಳಿಯಾದರೆ ನಡುವೆ ಒಂದು ಗೆರೆ, ಎರಡೂ ಕಡೆ ಒಂದೊಂದು ಉಬ್ಬು. ಒಂದು ಬೆಳಗಿನ ಜಾವ ನಾನು ನೋಡುತ್ತಿದ್ದಾಗ ಚೀಲದ ಬಾಯಿಂದ ಸಣ್ಣ ಬಾಲ ಹೊರಬಂತು. ಹಿಂದೆಯೇ ಒಂದು ಕಾಲು. ತಾಯಿ ನಿಧಾನಕ್ಕೆ ಬಗ್ಗಿ ನೆಕ್ಕಿದಳು, ಕಾಲು ಒಳಗೆ ಹೋಯಿತು. ಹೀಗೆ ನಾಲ್ಕು ದಿನ ಒಳಗೆ ಹೊರಗೆ ನಡೆಯಿತು. ಹೊರಬಂದ ಮರಿಯ ಕಣ್ಣು ತೆರೆಯಲು ಇನ್ನೂ ಹತ್ತು ದಿನ. ಅಷ್ಟು ದಿನ ಅಪ್ಪನೂ ಪಾಳಿಯಲ್ಲಿ ಮರಿಯನ್ನು ಬೆಚ್ಚಗಿಡುತ್ತಾನೆ. ಈ ಒಂದು ಗುಣಕ್ಕೆ ನಾನು ಗ್ಲೈಡರ್‌ಗೆ ಸೋತವನು. ಆದರೆ ಅದೇ ವಾರ ಪಂಜರದ ಜಾಗ ಬದಲಿಸಿದರೆ, ಹೊಸ ಪ್ರಾಣಿ ತಂದರೆ, ಗದ್ದಲ ಮಾಡಿದರೆ ಅದೇ ಅಪ್ಪ ಅಮ್ಮ ಮರಿಯನ್ನು ತಿಂದುಬಿಡುವುದೂ ಉಂಟು.

ಊಟದಲ್ಲೇ ಜಾಸ್ತಿ ಜನ ಎಡವುತ್ತಾರೆ. ಹೆಸರಿನಲ್ಲಿ ಶುಗರ್ ಇದೆ ಅಂತ ಹಣ್ಣು ಮಾತ್ರ ಕೊಡುತ್ತಾರೆ. ಕಾಡಿನಲ್ಲಿ ಇದು ತಿನ್ನುವುದು ಮರದ ಅಂಟು, ಮರದ ರಸ, ಮಕರಂದ, ಹುಳು ಹುಪ್ಪಟೆ. ಹಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಅಂಗಡಿಯಲ್ಲಿ ಸಿಗುವ ಮೀಲ್‌ವರ್ಮ್ ಹುಳುವಿನಲ್ಲಿ ರಂಜಕ ಜಾಸ್ತಿ. ಊಟದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು, ಸಾಧ್ಯವಾದರೆ ಎರಡರಷ್ಟು. ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಮೊದಲ ಲಕ್ಷಣ ಹಿಂಗಾಲಿನಲ್ಲಿ: ಕೊಂಬೆ ಹತ್ತುವಾಗ ಒಂದು ಪಾದ ಜಾರುತ್ತದೆ, ಆಮೇಲೆ ಎರಡನ್ನೂ ಎಳೆಯುತ್ತದೆ. ಹಾಲೂಡಿಸುತ್ತಿರುವ ಹೆಣ್ಣಿಗೆ ಇದು ಬೇಗ ಬರುತ್ತದೆ, ಯಾಕೆಂದರೆ ಅವಳ ಕ್ಯಾಲ್ಸಿಯಂ ಮರಿಗೆ ಹೋಗುತ್ತಿರುತ್ತದೆ. ಮೊಟ್ಟೆ, ಜೇನು, ಮಗುವಿನ ಧಾನ್ಯದ ಹಿಟ್ಟು, ವಿಟಮಿನ್ ಪುಡಿ ಕಲಸಿ ಮಾಡುವ ಲೆಡ್‌ಬೀಟರ್ಸ್ ಮಿಶ್ರಣ ಹಳೆಯದು, ನಂಬಬಹುದಾದದ್ದು. ಜೊತೆಗೆ ಹುಳು, ತರಕಾರಿ, ಸ್ವಲ್ಪವೇ ಹಣ್ಣು.

ಬಣ್ಣದ ಗ್ಲೈಡರ್ ಬಗ್ಗೆ ಒಂದು ಮಾತು. ಪೂರ್ತಿ ಬಿಳಿಯ ಲ್ಯೂಸಿಸ್ಟಿಕ್, ಮಚ್ಚೆಯ ಮೊಸಾಯಿಕ್ ಅಂತೆಲ್ಲ ತಳಿಗಳಿವೆ. ಈ ಬಣ್ಣ ಹಿಡಿದಿಡಲು ಹತ್ತಿರದ ರಕ್ತದಲ್ಲೇ ಕೂಡಿಸುತ್ತಾ ಬಂದಿರುವುದರಿಂದ ವಂಶಾವಳಿ ಕೇಳದೆ ಮುಟ್ಟಬೇಡಿ. ಮೊಸಾಯಿಕ್‌ನ ಕೆಲವು ಸಾಲುಗಳಲ್ಲಿ ಗಂಡು ಬಂಜೆಯಾಗಿರುತ್ತದೆ. ಇನ್ನೊಂದು ತಮಾಷೆ: ಇವನ್ನು "ಆಸ್ಟ್ರೇಲಿಯಾದ ಪ್ರಾಣಿ" ಅಂತಲೇ ಮಾರುತ್ತಾರೆ. 2019ರಲ್ಲಿ ಬಂದ ಡಿಎನ್‌ಎ ಅಧ್ಯಯನ ಅಮೆರಿಕದ ಮನೆಗಳಲ್ಲಿರುವ ಗ್ಲೈಡರ್‌ಗಳ ಮೂಲ ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ ಎಂದು ತೋರಿಸಿತು. ಆಸ್ಟ್ರೇಲಿಯಾ ತನ್ನ ಕಾಡಿನ ಸಸ್ತನಿಗಳನ್ನು ವ್ಯಾಪಾರಕ್ಕಾಗಿ ಜೀವಂತ ಹೊರಗೆ ಕಳಿಸಲು ಬಿಡುವುದೇ ಇಲ್ಲ.

ನನ್ನ ಸಲಹೆ: ಮರಿಗಳಿಗೆ ಮನೆ ಗೊತ್ತಾಗುವ ತನಕ ಬೀಜ ತೆಗೆಸಿದ ಒಂದು ಗಂಡು, ಎರಡು ಹೆಣ್ಣು. ಗುಂಪಿನ ಸುಖ ಅವಕ್ಕೆ, ನಿದ್ದೆ ನಿಮಗೆ. ನಿದ್ದೆ ಅಂದದ್ದು ಸುಮ್ನೆ. ಇವು ರಾತ್ರಿ ಎರಡು ಗಂಟೆಗೆ ನಾಯಿಮರಿಯಂತೆ ಬೊಗಳುತ್ತವೆ.

ಗಿಡ್ಡ ಬಾಲದ ಒಪೊಸಮ್: ಒಂಟಿ, ಚಿಕ್ಕ ಆಯಸ್ಸು, ಚೀಲವೇ ಇಲ್ಲ

ದಕ್ಷಿಣ ಅಮೆರಿಕದ್ದು. ಬ್ರೆಜಿಲ್, ಬೊಲಿವಿಯಾ ಕಡೆ ಸಿಗುತ್ತದೆ. ತೂಕ ಗ್ಲೈಡರ್‌ನಷ್ಟೇ. ಉಳಿದ ಎಲ್ಲದರಲ್ಲೂ ಅದಕ್ಕೆ ಉಲ್ಟಾ. ಇದಕ್ಕೆ ಜೊತೆ ಬೇಡ, ಜೊತೆ ಇಟ್ಟರೆ ಕಚ್ಚಾಡಿ ಸಾಯುತ್ತವೆ. ಪ್ರಯೋಗಾಲಯಗಳಲ್ಲಿ 1970ರ ದಶಕದ ಕೊನೆಯಿಂದ ಸಾಕುತ್ತಿರುವುದರಿಂದ ಇದರ ಊಟ, ಕಾಯಿಲೆ, ಹೆರಿಗೆ ಎಲ್ಲದರ ಬಗ್ಗೆ ಗಟ್ಟಿ ಮಾಹಿತಿ ಇದೆ. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಮೊದಲು ಪೂರ್ತಿ ಜೀನೋಮ್ (ವಂಶವಾಹಿಗಳ ಇಡೀ ಸರಣಿ) ಓದಿದ್ದು ಇದರದ್ದೇ, 2007ರಲ್ಲಿ ಪ್ರಕಟವಾಯಿತು.

ವಿಚಿತ್ರ ಅಂದರೆ ಹೆಣ್ಣಿಗೆ ಚೀಲವೇ ಇಲ್ಲ. ಹುಟ್ಟಿದ ಮರಿಗಳು ಹೊಟ್ಟೆಯ ತೊಟ್ಟುಗಳಿಗೆ ಅಂಟಿಕೊಂಡು ಬಯಲಲ್ಲೇ ಎರಡು ವಾರ ನೇತಾಡುತ್ತವೆ. ಮರಿ ಹೇಗೆ ಬೆಳೆಯುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಒಂದು ಸೂಲಿಗೆ ಏಳೆಂಟು ಸಾಮಾನ್ಯ, ಹನ್ನೆರಡೂ ಆಗಬಹುದು. ಆಮೇಲೆ ಅವನ್ನು ಗೂಡಿನಲ್ಲಿ ಬಿಟ್ಟು ಓಡಾಡುತ್ತಾಳೆ. ಸ್ವಲ್ಪ ದೊಡ್ಡವಾದ ಮೇಲೆ ಬೆನ್ನ ಮೇಲೆ ಹೊರುತ್ತಾಳೆ. ಎಂಟು ವಾರಕ್ಕೆ ಹಾಲು ಬಿಡುತ್ತವೆ.

ಬೆದೆಯ ವಿಷಯದಲ್ಲಿ ಇದರ ದಾರಿ ಬೇರೆ. ಹೆಣ್ಣು ತಾನಾಗಿ ಬೆದೆಗೆ ಬರುವುದಿಲ್ಲ. ಗಂಡಿನ ವಾಸನೆ ಮೂಗಿಗೆ ಬಿದ್ದರೆ ಮಾತ್ರ ಮೈ ಸಿದ್ಧವಾಗುತ್ತದೆ, ಅದಕ್ಕೂ ಕೆಲವು ದಿನ ಬೇಕು. ಹಾಗಾಗಿ ಮೊದಲು ಎರಡರ ಪಂಜರ ಅದಲು ಬದಲು ಮಾಡಬೇಕು. ಗಂಡು ಮಲಗಿದ್ದ ಗೂಡಿನಲ್ಲಿ ಹೆಣ್ಣು ಮಲಗಲಿ. ಕೆಲವು ದಿನ ಕಳೆದ ಮೇಲೆ, ಇಬ್ಬರ ಹೊಟ್ಟೆಯೂ ತುಂಬಿರುವ ಹೊತ್ತಿನಲ್ಲಿ, ದೊಡ್ಡ ಪಂಜರದಲ್ಲಿ ಒಟ್ಟಿಗೆ ಬಿಡಿ. ಬಾಯಿ ತೆರೆದು ಹಿಸ್ಸೆನ್ನುವುದು ಇದ್ದದ್ದೇ. ರಕ್ತ ಕಂಡರೆ ಮಾತ್ರ ಬೇರೆ ಮಾಡಿ. ನಾನು ಒಮ್ಮೆ "ಇನ್ನೊಂದು ರಾತ್ರಿ ಇರಲಿ" ಅಂತ ಬಿಟ್ಟೆ. ಬೆಳಗ್ಗೆ ನೋಡಿದರೆ ಕೂಡಿದ್ದು ಮುಗಿದಿತ್ತು, ಗಂಡಿನ ಕಿವಿಯ ಅಂಚು ಹರಿದಿತ್ತು. ಅವಳು ಮೂಲೆಯಲ್ಲಿ ಕಾಗದದ ಚೂರುಗಳನ್ನು ಬಾಲದಲ್ಲಿ ಸುತ್ತಿಕೊಂಡು ಗೂಡಿಗೆ ಸಾಗಿಸುತ್ತಿದ್ದಳು, ಏನೂ ಆಗೇ ಇಲ್ಲ ಎನ್ನುವ ಹಾಗೆ.

ಈಗ ಮರಿಗಳ ಲೆಕ್ಕ. ಎಂಟು ಮರಿ ಅಂದರೆ ಮೂರು ತಿಂಗಳೊಳಗೆ ಎಂಟು ಬೇರೆ ಪಂಜರ. ಐದಾರು ತಿಂಗಳಿಗೆ ಅವೂ ಮರಿ ಹಾಕಲು ಸಿದ್ಧ. ಅದಕ್ಕೆ ಇಲ್ಲಿ ಹೆಚ್ಚುವರಿ ಮರಿಗಳ ಸಮಸ್ಯೆ ಗ್ಲೈಡರ್‌ಗಿಂತ ಬೇಗ, ಜೋರಾಗಿ ಬರುತ್ತದೆ. ಸಮಾಧಾನ ಏನೆಂದರೆ, ಇದು ನಿಮ್ಮ ಕೈಯಲ್ಲಿದೆ. ನೀವು ಸೇರಿಸದಿದ್ದರೆ ಮರಿ ಇಲ್ಲ. ಒಂಟಿಯಾಗಿ ಇಟ್ಟರೆ ಅದಕ್ಕೆ ಬೇಸರವೂ ಇಲ್ಲ. ಆಯಸ್ಸು ಮೂರು ನಾಲ್ಕು ವರ್ಷ. ಕೆಲವರಿಗೆ ಇದು ಕೊರತೆ. ಹತ್ತು ವರ್ಷದ ಮಾತು ಕೊಡಲು ಆಗದವರಿಗೆ ಇದೇ ಅನುಕೂಲ. ಹುಳು, ಬೇಯಿಸಿದ ಮಾಂಸ, ಮೊಟ್ಟೆ ತಿನ್ನುತ್ತದೆ. ಬೇಗ ಬೊಜ್ಜು ಬರುತ್ತದೆ, ಆದ್ದರಿಂದ ಓಡಲು ಚಕ್ರ ಇರಲಿ. ಚಕ್ರದ ಮೈ ಸಂದಿಲ್ಲದೆ ಮುಚ್ಚಿರಬೇಕು, ಕಂಬಿಯ ಚಕ್ರದಲ್ಲಿ ಬಾಲ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಇದನ್ನೇ. ಗ್ಲೈಡರ್‌ನಷ್ಟು ಮುದ್ದು ಕಾಣುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಬೆನೆಟ್ಸ್ ವಾಲಬಿ: ಜಮೀನು ಇದ್ದವರ ಪ್ರಾಣಿ

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಚಳಿಯಿಂದ ಬಂದದ್ದು, ಆದ್ದರಿಂದ ಗಟ್ಟಿ. ಗಂಡು 15ರಿಂದ 20 ಕಿಲೋ, ಕೆಲವು ಇನ್ನೂ ಜಾಸ್ತಿ. ಮನೆಯೊಳಗೆ ಸಾಕುವ ಮಾತೇ ಬೇಡ. ಹುಲ್ಲು ಇರುವ ಬಯಲು, ಮಳೆಗೆ ಮಾಡು, ಸುತ್ತ 1.8 ಮೀಟರ್ ಬೇಲಿ. ಬೇಲಿ ಇವು ಹಾರಿಹೋಗದಿರಲಿ ಅಂತ ಎಷ್ಟು ಬೇಕೋ, ನಾಯಿ ಒಳಗೆ ಬರದಿರಲಿ ಅಂತ ಅಷ್ಟೇ ಬೇಕು. ನಾಯಿ ಕಚ್ಚಬೇಕಂತಲೂ ಇಲ್ಲ. ಬೆನ್ನಟ್ಟಿದರೆ ಸಾಕು, ಹೆದರಿ ಓಡಿ ಓಡಿ ಸ್ನಾಯುಗಳು ಒಳಗೇ ಹಾಳಾಗಿ ಎರಡು ದಿನ ಬಿಟ್ಟು ಸಾಯುತ್ತವೆ. ಹಿಡಿಯಲು ಮನುಷ್ಯರು ಬೆನ್ನಟ್ಟಿದರೂ ಅದೇ ಕಥೆ.

ಬೆಕ್ಕು ಇನ್ನೊಂದು ಶತ್ರು. ಬೆಕ್ಕಿನ ಹಿಕ್ಕೆಯಿಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಹುಲ್ಲಿಗೆ ಸೇರಿ ವಾಲಬಿಗಳನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಮೇವು ಇಡುವ ಕೊಟ್ಟಿಗೆಗೆ ಬೆಕ್ಕು ಬಾರದಂತೆ ಮಾಡಿ. ಕಿಕ್ಕಿರಿದ ಗಲೀಜು ನೆಲದಲ್ಲಿ, ಒರಟು ಮೇವು ತಿಂದು ಒಸಡಿಗೆ ಗಾಯವಾದರೆ ದವಡೆ ಊದುವ ರೋಗ ಬರುತ್ತದೆ. ಒಮ್ಮೆ ಬಂದರೆ ವಾಸಿ ಮಾಡುವುದು ಕಷ್ಟ.

ಮರಿ ಹಾಕುವ ರೀತಿ ಮಾತ್ರ ಅದ್ಭುತ. ಮರಿ ಹುಟ್ಟಿದ ಕೂಡಲೇ ತಾಯಿ ಮತ್ತೆ ಕೂಡುತ್ತಾಳೆ. ಆ ಭ್ರೂಣ ನೂರು ಜೀವಕೋಶದ ಹಂತ ಮುಟ್ಟುವ ಹೊತ್ತಿಗೆ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಕಾಯುತ್ತದೆ. ಚೀಲ ಖಾಲಿಯಾದ ಮೇಲೆ, ಋತು ಒದಗಿದಾಗ ಮತ್ತೆ ಬೆಳೆಯುತ್ತದೆ. ಸಾಕುವವರಿಗೆ ಇದರ ಅರ್ಥ ಏನು ಗೊತ್ತಾ? "ಇನ್ನು ಮರಿ ಸಾಕು" ಅಂತ ನೀವು ಗಂಡನ್ನು ಬೇರೆ ಕಡೆ ಕಳಿಸಿದರೂ ಒಳಗೆ ಒಂದು ಕಾಯುತ್ತಿರುತ್ತದೆ. ಗಂಡೇ ಇಲ್ಲದ ಬಯಲಲ್ಲಿ ಮುಂದಿನ ವರ್ಷ ಮರಿ ಇಣುಕಿದಾಗ ಯಾರ ಮೇಲೂ ಅನುಮಾನ ಪಡಬೇಡಿ.

ಚೀಲದಲ್ಲಿ ಒಂಬತ್ತು ತಿಂಗಳು. ಹೊರಬಂದ ಮೇಲೂ ತಲೆ ತೂರಿಸಿ ತಿಂಗಳುಗಟ್ಟಲೆ ಹಾಲು ಕುಡಿಯುತ್ತದೆ. ಹೊರಗಿನ ದೊಡ್ಡ ಮರಿಗೂ ಒಳಗಿನ ಪುಟ್ಟ ಮರಿಗೂ ತಾಯಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ತೊಟ್ಟಿನಿಂದ ಬೇರೆ ಬೇರೆ ಹಾಲು ಕೊಡುತ್ತಾಳೆ. ಬಾಟಲಿ ಹಾಲಿನಲ್ಲಿ ಮರಿ ಬೆಳೆಸುವುದು ಯಾಕೆ ಕಷ್ಟ ಅಂತ ಇದರಿಂದಲೇ ಗೊತ್ತಾಗಬೇಕು. ವಯಸ್ಸಿಗೆ ತಕ್ಕಂತೆ ಹಾಲಿನ ಪುಡಿ ಬದಲಿಸಬೇಕು. ಹಸುವಿನ ಹಾಲು ಕೊಟ್ಟರೆ ಭೇದಿ ಗ್ಯಾರಂಟಿ, ಕಣ್ಣಿಗೆ ಪೊರೆ ಬರುವುದೂ ಉಂಟು. ಕೂದಲು ಬಾರದ ಮರಿಗೆ ಬಟ್ಟೆಯ ಚೀಲದೊಳಗೆ 32ರಿಂದ 34 ಡಿಗ್ರಿ, ಕೂದಲು ಬಂದ ಮೇಲೆ 28. ಪಳಗಲಿ ಅಂತ ಬೇಕೆಂದೇ ಮರಿಯನ್ನು ತಾಯಿಯಿಂದ ಕಿತ್ತು ಬಾಟಲಿ ಹಿಡಿಸಿ ಮಾರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಬೆಳೆದ ಗಂಡು ದೊಡ್ಡದಾದ ಮೇಲೆ ಮನುಷ್ಯನನ್ನೇ ಎದುರಾಳಿ ಗಂಡು ಅಂದುಕೊಂಡು ಒದೆಯಲು ಬರುತ್ತದೆ.

ಹುಟ್ಟಿದ ಗಂಡುಮರಿಗಳೇ ಇಲ್ಲಿಯ ಸಮಸ್ಯೆ. ಗುಂಪಿಗೆ ಒಂದು ಗಂಡು ಸಾಕು, ಮರಿಗಳಲ್ಲಿ ಅರ್ಧ ಗಂಡು. ಬೇಡವೆಂದು ಬಿಟ್ಟುಬಿಡುವ ಹಾಗಂತೂ ಇಲ್ಲ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ 1874ರಲ್ಲಿ ಬಿಟ್ಟ ಕೆಲವೇ ವಾಲಬಿಗಳು ಹರಡಿ ಇವತ್ತಿಗೂ ಅಲ್ಲಿನ ಹುಲ್ಲುಗಾವಲಿಗೆ ಪೀಡೆಯಾಗಿವೆ. ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಪ್ರಾಣಿಧಾಮದಿಂದ ತಪ್ಪಿಸಿಕೊಂಡವುಗಳ ಸಂತಾನ ಈಗ ಕಾಡಿನಲ್ಲೇ ಬದುಕುತ್ತಿದೆ.

ಬೆಟಾಂಗ್: ಯಾರೂ ಕೇಳದ ಒಳ್ಳೆಯ ಆಯ್ಕೆ

ಕುಂಚ ಬಾಲದ ಬೆಟಾಂಗ್ ಅಂದರೆ ಮೊಲದ ಗಾತ್ರದ ಕಾಂಗರೂ ಅಂದುಕೊಳ್ಳಿ. ಒಂದು, ಒಂದೂವರೆ ಕಿಲೋ. ಗ್ಲೈಡರ್‌ಗೆ ಬೇಕಾದ ಸಂಗದ ಕಾಟ ಇಲ್ಲ, ವಾಲಬಿಯಷ್ಟು ದೊಡ್ಡ ಜಾಗವೂ ಬೇಡ. ಅಗೆಯುವ ಪ್ರಾಣಿ, ಆದ್ದರಿಂದ ಬೇಲಿಯ ಜಾಲರಿ ನೆಲದೊಳಗೂ ಇಳಿದಿರಬೇಕು. ಕಾಡಿನಲ್ಲಿ ನೆಲದಡಿ ಬೆಳೆಯುವ ಅಣಬೆ ಇದರ ಮುಖ್ಯ ಊಟ. ಸಾಕುವಲ್ಲಿ ಗೆಡ್ಡೆ, ತರಕಾರಿ, ಕಾಳು, ಹುಳು ನಡೆಯುತ್ತದೆ. ಕೊಟ್ಟದ್ದನ್ನು ಅರ್ಧ ತಿಂದು ಅರ್ಧ ಹೂತಿಡುತ್ತದೆ. ಹೂತಿಟ್ಟದ್ದು ಕೊಳೆಯುತ್ತದೆ, ಹುಡುಕಿ ತೆಗೆಯುವ ಕೆಲಸ ನಿಮ್ಮದು.

ಮರಿ ಚೀಲದಲ್ಲಿ ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅದು ಹೊರಬೀಳುವುದೇ ತಡ, ಕಾಯುತ್ತಿದ್ದ ಮುಂದಿನದು ಹುಟ್ಟುತ್ತದೆ. ವರ್ಷಕ್ಕೆ ಮೂರು, ಆದರೆ ಸಲಕ್ಕೆ ಒಂದೇ. ಈ ವೇಗ ನನಗೆ ಇಷ್ಟ: ಒಂದೊಂದಕ್ಕೂ ಜಾಗ ಹುಡುಕಲು ಸಮಯ ಸಿಗುತ್ತದೆ. ಗಂಡುಗಳು ಮಾತ್ರ ಒಟ್ಟಿಗೆ ಆಗವು. ಗಂಡುಮರಿ ಆರು ತಿಂಗಳು ಮುಟ್ಟುವ ಮೊದಲೇ ಬೇರೆ ಮಾಡಿ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಸಾಕುವುದಿಲ್ಲ? ಸಿಗುವುದಿಲ್ಲ. ಕಾಡಿನಲ್ಲಿ ತೀರಾ ಅಳಿವಿನ ಅಂಚಿನಲ್ಲಿರುವ ಪ್ರಾಣಿ. ಸಾಕಿದ ಸಾಲುಗಳು ಹೆಚ್ಚಾಗಿ ಮೃಗಾಲಯಗಳಲ್ಲಿವೆ. ಅಲ್ಲಿ ಯಾವ ಗಂಡಿಗೆ ಯಾವ ಹೆಣ್ಣು ಎನ್ನುವುದನ್ನು ವಂಶಾವಳಿ ಪುಸ್ತಕ ನೋಡಿ ತೀರ್ಮಾನಿಸುತ್ತಾರೆ. 2021ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಯಾರ್ಕ್ ಪರ್ಯಾಯ ದ್ವೀಪದಲ್ಲಿ ಇವನ್ನು ಮತ್ತೆ ಕಾಡಿಗೆ ಬಿಡುವ ಕೆಲಸ ಶುರುವಾಯಿತು. ನಿಮಗೆ ಪರವಾನಗಿ ಇದ್ದು ಇಂಥ ಸಾಲಿನಿಂದ ಜೋಡಿ ಸಿಕ್ಕರೆ, ಮರಿ ನಿಮ್ಮದಲ್ಲ, ಆ ಪುಸ್ತಕದ್ದು ಅಂತ ಮೊದಲೇ ಒಪ್ಪಿಕೊಂಡು ತನ್ನಿ.

ಮಾಂಸ ತಿನ್ನುವ ಪುಟಾಣಿಗಳು

ಡನಾರ್ಟ್, ಕೊವಾರಿ ಎಂಬ ಇಲಿಯಂಥ ಆಸ್ಟ್ರೇಲಿಯಾದ ಬೇಟೆಗಾರ ಪ್ರಾಣಿಗಳ ಬಗ್ಗೆ ಕೇಳುವವರಿದ್ದಾರೆ. ಕೊಬ್ಬು ಬಾಲದ ಡನಾರ್ಟ್ 15 ಗ್ರಾಂ ಇರುವ ಬೇಟೆಗಾರ, ಬಸಿರು 13 ದಿನ. ಹೊಟ್ಟೆ ಖಾಲಿಯಾದರೆ, ಚಳಿಯಾದರೆ ಮೈ ತಣ್ಣಗಾಗಿ ಜಡನಿದ್ದೆಗೆ ಹೋಗುತ್ತದೆ. ಹೊಸಬರು ಸತ್ತಿದೆ ಅಂದುಕೊಳ್ಳುತ್ತಾರೆ. ಆಂಟೆಕೈನಸ್ ಅಂತ ಇನ್ನೊಂದಿದೆ. ಅದರ ಗಂಡುಗಳು ಎರಡು ವಾರದ ಬೆದೆಗಾಲ ಮುಗಿದ ಕೂಡಲೇ ಎಲ್ಲವೂ ಸಾಯುತ್ತವೆ. ಮುಂದಿನ ವರ್ಷಕ್ಕೆ ಅದೇ ಗಂಡು ಅಂತ ಯೋಜನೆ ಹಾಕುವ ಹಾಗೇ ಇಲ್ಲ. ಇವು ಸಂಶೋಧಕರ, ಮೃಗಾಲಯದವರ ಪ್ರಾಣಿಗಳು. ಮನೆಯವರು ಬಿಟ್ಟುಬಿಡುವುದು ವಾಸಿ.

ತರುವ ದಿನ

ಕಾನೂನು ಮೊದಲು ನೋಡಿ. ಒಂದು ಕಡೆ ಅಂಗಡಿಯಲ್ಲಿ ಸಿಗುವ ಗ್ಲೈಡರ್ ಇನ್ನೊಂದು ಕಡೆ ಅಪರಾಧ. ಅಮೆರಿಕದ ಒಳಗೇ ಕ್ಯಾಲಿಫೋರ್ನಿಯಾ, ಹವಾಯಿ, ಅಲಾಸ್ಕಾಗಳಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇಂಥ ವಿದೇಶಿ ಪ್ರಾಣಿಗಳನ್ನು ನೋಡುವ ಪಶುವೈದ್ಯರು ಹತ್ತಿರ ಇದ್ದಾರಾ ಅಂತಲೂ ಮೊದಲೇ ವಿಚಾರಿಸಿ, ಹಿಂಗಾಲು ಎಳೆಯಲು ಶುರುವಾದ ಮೇಲಲ್ಲ.

ನೋಡಲು ರಾತ್ರಿ ಹೋಗಿ. ಹಗಲು ಮುದುಡಿ ಮಲಗಿದ ಪ್ರಾಣಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹತ್ತುವಾಗ ಹಿಂಗಾಲು ನೋಡಿ, ಬಾಲದ ಕೂದಲು ನೋಡಿ, ವಾಲಬಿಯಾದರೆ ದವಡೆ ಎರಡೂ ಕಡೆ ಸಮ ಇದೆಯಾ ನೋಡಿ. ತುಂಬಿದ ಚೀಲದ ವಾಲಬಿಯನ್ನು ಸಾಗಿಸುವುದಾದರೆ ಮುಂದೂಡಿ. ಹೆದರಿದ ತಾಯಿ ಚೀಲದ ಸ್ನಾಯು ಸಡಿಲಿಸಿ ಮರಿಯನ್ನು ಹೊರಹಾಕಿಬಿಡುತ್ತಾಳೆ. ಅಪ್ಪ ಅಮ್ಮ ಯಾರು, ಅವರ ಅಪ್ಪ ಅಮ್ಮ ಯಾರು ಅಂತ ಬರೆದದ್ದು ಕೇಳಿ. ನನ್ನ ಮೊದಲ ಗ್ಲೈಡರ್ ಜೋಡಿ ಕೊಟ್ಟವರು "ಬೇರೆ ಬೇರೆ ಮನೆಯವು" ಅಂದಿದ್ದರು. ಎರಡು ವರ್ಷ ಬಿಟ್ಟು ಮೂರನೇ ಮರಿ ಕುರುಡಾಗಿ ಹೊರಬಂದಾಗ ಮತ್ತೆ ಕೇಳಿದೆ, ಅಣ್ಣ ತಂಗಿ ಅಂತ ಗೊತ್ತಾಯಿತು. ಬರೆದದ್ದು ಏನೂ ಇಲ್ಲ ಅಂದರೆ ಜೋಡಿ ತರಬಹುದು, ಗಂಡಿನ ಬೀಜ ತೆಗೆಸಿದ ಮೇಲೆ.